‘ಮ್ಯಾನ್ಯುಯಲಿ’ ಅಂದ್ರೆ ಬರೀ ಕೈ ಅಲ್ಲ



ನಮ್ಮ ಆಫೀಸಲ್ಲಿ ದಿನಕ್ಕೆ ಹತ್ತು ಸಲ ಕೇಳೋ ಇಂಗ್ಲಿಷ್ ಪದ ‘ಮ್ಯಾನ್ಯುಯಲಿ’. ಸರ್ವರ್ ಕೈಕೊಟ್ರೆ ಸಾಹೇಬ್ರು ‘ಮ್ಯಾನ್ಯುಯಲಿ ಎಂಟ್ರಿ ಮಾಡ್ರಿ’ ಅಂತಾರೆ. ರಿಜಿಸ್ಟರ್ ತೆಗೆದು ಪೆನ್ನಲ್ಲಿ ಬರೀತೀವಿ. ಕೈಗೆ ಶಾಯಿ ಅಂಟುತ್ತೆ, ಅಷ್ಟೇ.

ಇದೇ ಪದ ಕಾನೂನಿನಲ್ಲೂ ಇದೆ. ಲ್ಯಾಟಿನ್ ಭಾಷೆಯಲ್ಲಿ ‘ಮಾನುಸ್’ ಅಂದರೆ ಕೈ, ಮೂಲ ಅದೇ. 1993ರ ಕಾಯ್ದೆ ಮನುಷ್ಯರ ಮಲವನ್ನು ‘ಮ್ಯಾನ್ಯುಯಲಿ’ ಹೊರುವವರನ್ನಷ್ಟೇ ಲೆಕ್ಕಕ್ಕೆ ತಗೊಂಡಿತ್ತು. 2013ರ ಕಾಯ್ದೆ ಬಾಚುವುದು, ಸಾಗಿಸುವುದು, ವಿಲೇವಾರಿ ಮಾಡುವುದು ಎಲ್ಲವನ್ನೂ ಸೇರಿಸಿತು. ಆದರೆ ಜೊತೆಗೇ ಒಂದು ವಿವರಣೆ ಇಟ್ಟಿತು: ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೇಳಿದ ಸಲಕರಣೆ, ರಕ್ಷಣಾ ಸಾಧನ ಬಳಸಿ ಮಾಡಿದವರು ಮ್ಯಾನ್ಯುಯಲ್ ಸ್ಕ್ಯಾವೆಂಜರ್ ಅಲ್ಲ.

ಗುತ್ತಿಗೆದಾರರು ನುಸುಳೋದು ಇಲ್ಲೇ. ‘ಗ್ಲೌಸ್ ಕೊಟ್ಟಿದ್ದೆ ಸಾರ್, ಮ್ಯಾನ್ಯುಯಲ್ ಹೇಗಾಗುತ್ತೆ?’ ಒಂದು ಜೊತೆ ಗ್ಲೌಸ್, ಒಂದು ಬಿದಿರು ಕೋಲು ಕೊಟ್ಟುಬಿಟ್ರೆ ಮನುಷ್ಯ ಮೆಷಿನ್ ಆಗಿಬಿಡ್ತಾನಾ?

ಬಿ.ಎ.ಯಲ್ಲಿ ಓದಿದ ವ್ಯಾಕರಣ ನೆನಪಾಗುತ್ತೆ. ಇದು ಕ್ರಿಯಾವಿಶೇಷಣ. ಕೆಲಸ ‘ಹೇಗೆ’ ನಡೀತು ಅಂತ ಹೇಳುತ್ತೆ, ‘ಯಾರು’ ಮಾಡಿದರು, ‘ಯಾರೇ ಯಾಕೆ’ ಮಾಡಬೇಕು ಅಂತ ಹೇಳಲ್ಲ. ಜಾತಿ ಬಚ್ಚಿಟ್ಟುಕೊಳ್ಳೋಕೆ ಅಷ್ಟು ಜಾಗ ಸಾಕು. ಮ್ಯಾನ್‌ಹೋಲಿಗೆ ಇಳಿಯೋದು ಬರೀ ಕೈಯಲ್ಲ. ಕುತ್ತಿಗೆ ಮಟ್ಟ ಇಡೀ ದೇಹ ಇಳಿಯುತ್ತೆ. ಒಳಗಿನ ವಿಷಾನಿಲ ಶ್ವಾಸಕೋಶಕ್ಕೆ ನುಗ್ಗುತ್ತೆ. ಗ್ಲೌಸ್ ಹಾಕಿದ ಕೈಗೇನೂ ಆಗಿರಲ್ಲ, ಮನುಷ್ಯ ಸತ್ತಿರ್ತಾನೆ.

ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿದರು. ತಲೆಯಿಂದ ಬುಟ್ಟಿ ಇಳೀತು, ನಮ್ಮವರು ಗುಂಡಿಗೆ ಇಳಿಯೋದು ನಿಲ್ಲಲಿಲ್ಲ. 1993ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರುತ್ತಿದೆ ಅಂದ್ರೆ ಸಾವು ನಿಂತಿಲ್ಲ ಅಂತಲೇ ಅರ್ಥ.

ಅದಕ್ಕೇ ಸಂಗಾತಿಗಳೇ, ಎಲ್ಲಾದರೂ ಇಂಥ ಸಾವಾದರೆ ಠಾಣೆಗೆ ಹೋಗಿ ಎಫ್‌ಐಆರ್ ಓದಿ. ‘ಆಕಸ್ಮಿಕವಾಗಿ’ ಬಿದ್ದು ಸತ್ತ ಅಂತ ಬರೆದಿದ್ದರೆ ಅದೂ ಒಂದು ಕ್ರಿಯಾವಿಶೇಷಣ, ಅದನ್ನ ಪ್ರಶ್ನಿಸಿ. ಇಳಿಸಿದವರು ಯಾರು ಕೇಳಿ. 2013ರ ಕಾಯ್ದೆಯ 7 ಮತ್ತು 9ನೇ ಸೆಕ್ಷನ್ ಹಾಕಿಸಿ. ಸತ್ತವರು ಪರಿಶಿಷ್ಟರಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಜೆ) ಕೂಡ ಕೇಳಿ. ಗ್ಲೌಸಿನ ಕಥೆ ಹೇಳಿದರೆ, ಅಧಿಸೂಚನೆಯ ಪಟ್ಟಿಯಲ್ಲಿರೋ ಸಾಧನಗಳನ್ನ ಒಂದೊಂದಾಗಿ ತೋರಿಸು ಅನ್ನಿ.

ಕಡತದಲ್ಲಿ ಒಂದು ಪದ ಬದಲಾದರೆ ಕೇಸೇ ಬದಲಾಗುತ್ತೆ. ಗುಮಾಸ್ತನಾಗಿ ಇದು ನನಗೆ ದಿನಾ ಕಾಣೋ ಸತ್ಯ.

ಜೈ ಭೀಮ್.