ಹೊಳೆಗೆ ಮಾತ್ರ ಇಳಿಯಬೇಡಿ

ಹೈದರಾಬಾದಿನಿಂದ ಮಖ್ತಲ್ ದಾಟಿ ಕೃಷ್ಣೆಯ ದಂಡೆಗೆ ಹೋದರೆ ನದಿಯ ನಡುವೆ ಕುರುವಪುರ. ರಾಯಚೂರು ಜಿಲ್ಲೆಯ ನಡುಗಡ್ಡೆ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವೆಂದು ನಮ್ಮ ನಗರದಿಂದಲೂ ಭಕ್ತರು ತೆಪ್ಪ ಹತ್ತಿ ಹೋಗುತ್ತಾರೆ. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ದಾರಿ ಬಂದ್.

ದರ್ಶನಕ್ಕೆ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಮಕ್ಕಳ ಆಟ. ಜಾರುಬಂಡಿ ಇಲ್ಲ, ಕಲಿಸುವವರಿಲ್ಲ. ಕಲ್ಲು, ಕೋಲು, ಹಳೇ ಟೈರು ಅಷ್ಟೇ. ಯಾರು ಔಟು ಎಂಬುದನ್ನು ಅವರೇ ಜಗಳಾಡಿ ತೀರ್ಮಾನಿಸುತ್ತಿದ್ದರು. ದೊಡ್ಡವರದು ಒಂದೇ ಕಟ್ಟಪ್ಪಣೆ: ಹೊಳೆಗೆ ಇಳಿಯಬಾರದು. ಸೆಳೆತವಿದೆ, ಮೊಸಳೆಗಳಿವೆ. ಕಟ್ಟೆಯ ಮೇಲೆ ಕೂತ ಅಜ್ಜಿಯ ಕಣ್ಣು ಎಲ್ಲರ ಮೇಲೂ ಇತ್ತು.

ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದರ ತಿರುಗುಮುರುಗು. ಜಾರುಬಂಡಿ ಇದೆ, ಆದರೆ ಚೆಂಡಾಡಬಾರದು, ಹುಲ್ಲು ತುಳಿಯಬಾರದು, ಕೂಗಬಾರದು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನೂ ಹಕ್ಕೆನ್ನುತ್ತದೆ. 1992ರಲ್ಲಿ ಭಾರತವೂ ಅದನ್ನು ಒಪ್ಪಿದೆ. ನಮ್ಮ ಮಕ್ಕಳಿಗೆ ಸಿಕ್ಕಿದ್ದು ಮಾತ್ರ ಸ್ಕೇಟಿಂಗ್ ಕ್ಲಾಸು, ಕರಾಟೆ ಕ್ಲಾಸು.

ಈಗ ನಾಲ್ಕು ಕನ್ನಡ ಮನೆಯವರು ಸೇರಿ, ಭಾನುವಾರ ಬೆಳಿಗ್ಗೆ ಎರಡು ತಾಸು ಮಕ್ಕಳಿಗೇ ಬಿಟ್ಟಿದ್ದೇವೆ. ಗೇಟು ದಾಟಬಾರದು, ನಮ್ಮ ಹೊಳೆ ಅದೇ. ಪಾಳಿಯಂತೆ ಒಬ್ಬರು ದೂರದಲ್ಲಿ ಕೂತಿರುತ್ತೇವೆ, ನಡುವೆ ಬಾಯಿ ಹಾಕುವಂತಿಲ್ಲ. ಮೊದಲ ವಾರ ಮಕ್ಕಳು "ಈಗ ಏನ್ ಆಡ್ಬೇಕು ಅಂಕಲ್?" ಎಂದು ನನ್ನನ್ನೇ ಕೇಳಿದರು. ಮೂರನೇ ವಾರ ರಟ್ಟಿನ ಡಬ್ಬಗಳಿಂದ ಒಂದು ಊರನ್ನೇ ಕಟ್ಟಿದರು. ಕನ್ನಡ, ತೆಲುಗು, ಹಿಂದಿ ಬೆರೆಸಿ ಜಗಳಾಡಿ, ತಾವೇ ರಾಜಿಯಾದರು.

ನಿಮ್ಮಲ್ಲೂ ಮಾಡಿ ನೋಡಿ. ಖರ್ಚೇನಿಲ್ಲ, ಸುಮ್ಮನೆ ಕೂರುವುದೇ ಸ್ವಲ್ಪ ಕಷ್ಟ.