ಚಿಕ್ಕಬಾಣಾವರದ ದಾರಿಯಲ್ಲಿ

ಬೆಂಗಳೂರಿನ ವಾಯವ್ಯಕ್ಕಿರುವ ಚಿಕ್ಕಬಾಣಾವರವನ್ನು ಸೇರಲು ಎರಡು ದಾರಿಗಳುಂಟು. ಒಂದು ರೈಲಿನದು. ಇನ್ನೊಂದು, ತುಮಕೂರು ರಸ್ತೆಯನ್ನು ಹಿಡಿದು ಎಂಟನೇ ಮೈಲಿಯವರೆಗೆ ಸಾಗಿ, ಅಲ್ಲಿ ಬಲಕ್ಕೆ ಹೊರಳಿ, ಹೆಸರಘಟ್ಟದ ರಸ್ತೆಯಲ್ಲಿ ಹೋಗುವುದು. ಮೊದಲನೆಯದರಲ್ಲಿ ಮನಸ್ಸಿಗೆ ನೆಮ್ಮದಿ. ಆದರೂ ಮೊನ್ನೆ ಒಂದು ಭಾನುವಾರ ನಾನು ಎರಡನೆಯದನ್ನೇ ಆರಿಸಿಕೊಳ್ಳಬೇಕಾಯಿತು. ಮಲ್ಲೇಶ್ವರದ ನಮ್ಮ ಮನೆಯಲ್ಲಿ ನಾಲ್ಕು ದಿನವಿದ್ದ ಸೋದರಮಾವನವರು ತಮ್ಮೂರಿಗೆ ಹಿಂತಿರುಗುವವರಿದ್ದರು. ಅವರ ಸಂಗಡ ಒಂದು ಹಲಸಿನ ಹಣ್ಣೂ ಉಪ್ಪಿನಕಾಯಿಯ ಎರಡು ಜಾಡಿಗಳೂ ಪ್ರಯಾಣ ಮಾಡಬೇಕಾಗಿದ್ದುವು.

ಗೊರಗುಂಟೆಪಾಳ್ಯವನ್ನು ದಾಟಿ ಸ್ವಲ್ಪ ದೂರ ಹೋಗಿರಬಹುದು. ಸಾಲುಗಟ್ಟಿದ ಲಾರಿಗಳ ನಡುವೆ ಹೇಗೋ ಒಂದಿಷ್ಟು ತೆರವಾದ ರಸ್ತೆ ದೊರೆತು, ಕಾರು ಹುಮ್ಮಸ್ಸಿನಿಂದ ಓಡತೊಡಗಿತ್ತು. ಆಗ ಎದುರಿಗೆ ಸಿಕ್ಕಿಸಿದ್ದ ಫೋನು ಸ್ತ್ರೀಕಂಠದಲ್ಲಿ, ಮುಂದೆ ವೇಗವನ್ನು ಅಳೆಯುವ ಕ್ಯಾಮೆರಾ ಇದೆಯೆಂದು ನುಡಿಯಿತು. ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿದ್ದಿತು. ಕ್ಯಾಮೆರಾದ ಸ್ಥಳ ಹಿಂದೆ ಸರಿಯಿತು; ಕಾಲೂ ತನ್ನ ಮೊದಲಿನ ಉದ್ಯೋಗಕ್ಕೆ ಮರಳಿತು.

"ಯಾರಯ್ಯಾ ಅದು, ಮಾತನಾಡಿದ್ದು?" ಎಂದರು ಮಾವ.

"ಫೋನು, ಮಾವ. ದಾರಿ ತೋರಿಸುವ ಆ್ಯಪ್."

"ಅದಕ್ಕೆ ಕ್ಯಾಮೆರಾ ಕಾಣಿಸುತ್ತದೆಯೇ?"

ಒಳ್ಳೆಯ ಪ್ರಶ್ನೆಯೇ. ಕನ್ನಡದ ಮೇಷ್ಟರಾದ ನನಗೆ ಇಂಥದನ್ನು ವಿವರಿಸುವ ಅಧಿಕಾರವಿಲ್ಲದಿದ್ದರೂ, ತಿಳಿದಷ್ಟನ್ನು ಹೇಳಿದೆ. ಫೋನಿಗೆ ಕ್ಯಾಮೆರಾ ಕಾಣಿಸುವುದಿಲ್ಲ. ಅದಕ್ಕೆ ಗೊತ್ತಿರುವುದು ತಾನು ಎಲ್ಲಿದ್ದೇನೆ ಎಂಬುದು ಮಾತ್ರ. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುವ ಉಪಗ್ರಹಗಳು ಎಡೆಬಿಡದೆ ತಮ್ಮ ಗಡಿಯಾರದ ವೇಳೆಯನ್ನು ಸಾರುತ್ತಿರುತ್ತವೆ. ಕಡಮೆಯೆಂದರೆ ನಾಲ್ಕು ಉಪಗ್ರಹಗಳ ಸಂಕೇತಗಳು ತಲುಪಲು ಹಿಡಿದ ಕಾಲದ ವ್ಯತ್ಯಾಸವನ್ನು ಲೆಕ್ಕಹಾಕಿ, ಫೋನು ತನ್ನ ನೆಲೆಯನ್ನು ಕಂಡುಕೊಳ್ಳುತ್ತದೆ. ಕ್ಯಾಮೆರಾಗಳು ಎಲ್ಲೆಲ್ಲಿವೆ ಎಂಬ ಪಟ್ಟಿಯೊಂದು ನಕ್ಷೆಯ ಜೊತೆಗಿರುತ್ತದೆ. ನಮ್ಮ ನೆಲೆಯೂ ನಾವು ಹೋಗುತ್ತಿರುವ ದಿಕ್ಕೂ ಆ ಪಟ್ಟಿಯ ಒಂದು ಬಿಂದುವಿಗೆ ಹೊಂದಿಕೊಂಡೊಡನೆ ಫೋನು ಕೂಗುತ್ತದೆ. ನಿನ್ನೆ ನೆಟ್ಟ ಕ್ಯಾಮೆರಾದ ಸುದ್ದಿ ಅದಕ್ಕೆ ತಿಳಿಯದು. ಕಿತ್ತುಹಾಕಿದ ಕ್ಯಾಮೆರಾದ ಮುಂದೆಯೂ ಅದು ಭಕ್ತಿಯಿಂದ ಕೂಗುವುದುಂಟು.

ಮಾವನವರು ಜಾಲಹಳ್ಳಿಯ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕಾರ್ಖಾನೆ ಈಗ ಮುಚ್ಚಿದೆ. ಅವರ ಅಭಿಮಾನ ಮುಚ್ಚಿಲ್ಲ. "ಹಾಗಾದರೆ ಇದು ಗಡಿಯಾರದ ಕೆಲಸವೇ ಅನ್ನು!" ಎಂದು ಬಹಳ ಸಂತೋಷಪಟ್ಟರು.

ಆ ಹೊತ್ತಿಗೆ ಪೀಣ್ಯ ಬಂದಿತ್ತು. ಭಾರತದ ಮೊದಲ ಉಪಗ್ರಹವಾದ 'ಆರ್ಯಭಟ' ರೂಪುಗೊಂಡದ್ದು ಇಲ್ಲಿನ ಕೈಗಾರಿಕಾ ಷೆಡ್ಡುಗಳಲ್ಲಿ. ಅದು 1975ರ ಏಪ್ರಿಲ್ 19ರಂದು ಆಕಾಶಕ್ಕೇರಿತು. ಉಪಗ್ರಹಗಳ ಮೇಲೆ ಕಣ್ಣಿಟ್ಟಿರುವ ಇಸ್ರೋದ ಕೇಂದ್ರವೊಂದು ಈಗಲೂ ಪೀಣ್ಯದಲ್ಲಿದೆ. ಅದರ ಸಮೀಪದಲ್ಲೇ ನಾವು ಉಪಗ್ರಹದ ಸಹಾಯದಿಂದ ಪೋಲೀಸರ ಕಣ್ಣನ್ನು ತಪ್ಪಿಸಿಕೊಂಡು ಹೋಗುತ್ತಿದ್ದೆವು!

ತಪ್ಪಿಸಿಕೊಂಡು ಎಂದೆನಲ್ಲ, ಆ ಮಾತು ಪೂರ್ತಿ ಸರಿಯಲ್ಲ. ಈ ಎಚ್ಚರಿಕೆ ನಮ್ಮ ದೇಶದಲ್ಲಿ ಗುಟ್ಟಿನ ವ್ಯವಹಾರವೇನೂ ಅಲ್ಲ. ಗೂಗಲ್ ಮ್ಯಾಪ್ಸ್ 2019ರಲ್ಲಿ ನಲವತ್ತಕ್ಕೂ ಹೆಚ್ಚು ದೇಶಗಳಲ್ಲಿ ವೇಗದ ಕ್ಯಾಮೆರಾಗಳನ್ನು ತೋರಿಸತೊಡಗಿದಾಗ ಭಾರತವೂ ಆ ಪಟ್ಟಿಯಲ್ಲಿತ್ತು. ನಮ್ಮವರದೇ ಆದ ಮ್ಯಾಪಲ್ಸ್ ಸಹ ಈ ಕೆಲಸ ಮಾಡುತ್ತದೆ. ಅಷ್ಟೇಕೆ, 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 167ಎ ನಿಯಮವು, ಕ್ಯಾಮೆರಾ ಇರುವ ರಸ್ತೆಯ ಮೊದಲಿಗೇ ಜನರಿಗೆ ಕಾಣುವಂತೆ ಎಚ್ಚರಿಕೆಯ ಫಲಕವನ್ನು ಹಾಕಿರಬೇಕೆಂದು ವಿಧಿಸುತ್ತದೆ. ಹೇಳಿ ಹಿಡಿಯಬೇಕೆಂಬುದು ಕಾನೂನಿನ ಆಶಯ. ಫಲಕ ಹೇಳಬೇಕಾದದ್ದನ್ನೇ ಫೋನು ಹೇಳಿದರೆ ಅದನ್ನು ಅಪರಾಧವೆನ್ನುವುದು ಹೇಗೆ?

ಬೆಂಗಳೂರಿನಲ್ಲಿ 2022ರ ಡಿಸೆಂಬರಿನಲ್ಲಿ 50 ಕೂಡುರಸ್ತೆಗಳಿಗೆ ಕ್ಯಾಮೆರಾಗಳ ಹೊಸ ವ್ಯವಸ್ಥೆ ಬಂದಿತು. ವಾಹನದ ಸಂಖ್ಯೆಯನ್ನು ಓದುವ ಕ್ಯಾಮೆರಾಗಳು 250, ಕೆಂಪು ದೀಪವನ್ನು ಮೀರಿದವರನ್ನು ಹಿಡಿಯುವವು 80. ಅಂದಿನಿಂದ ನಗರದಲ್ಲಿ ಒಂದು ವಿಚಿತ್ರ ದೃಶ್ಯ ಕಾಣಸಿಗುತ್ತದೆ. ಮೊಣಕೈಗೆ ತೂಗುಹಾಕಿಕೊಂಡಿದ್ದ ಹೆಲ್ಮೆಟ್ಟು, ಕೂಡುರಸ್ತೆ ಇನ್ನು ನೂರು ಗಜವಿದೆ ಎನ್ನುವಾಗ ತಲೆಗೇರುತ್ತದೆ. ದಾಟಿದ ಮೇಲೆ ಕೈಗೆ ಇಳಿಯುತ್ತದೆ. ಆ ಸವಾರರನ್ನು ಕಂಡು ನಾನು ಅನೇಕ ಸಾರಿ ನಕ್ಕಿದ್ದೇನೆ.

ಈ ಸಂಗತಿಯನ್ನು ಹೇಳಿದಾಗ ಮಾವ ನಗಲಿಲ್ಲ. "ನಾವೂ ಇಳಿಯುತ್ತಿದ್ದೆವಲ್ಲ" ಎಂದರು.

ಅವರ ಕಾಲದಲ್ಲಿ ರಾತ್ರಿ ಹೊತ್ತು ದೀಪವಿಲ್ಲದ ಸೈಕಲ್ಲನ್ನು ಪೋಲೀಸರು ಹಿಡಿಯುತ್ತಿದ್ದರು. ಎರಡನೆಯ ಪಾಳಿ ಮುಗಿಸಿ ಗುಂಪಾಗಿ ಬರುವಾಗ, ಮುಂದೆ ಹೋದವರು ಕಾನ್‌ಸ್ಟೇಬಲನನ್ನು ಕಂಡರೆ ಬೆಲ್ಲನ್ನು ಮೂರು ಸಾರಿ ಬಾರಿಸುವರು. ಹಿಂದಿನವರೆಲ್ಲ ಇಳಿದು, ಸೈಕಲ್ಲನ್ನು ತಳ್ಳಿಕೊಂಡು, ಸಭ್ಯರಂತೆ ನಡೆದುಹೋಗುವರು. ತಳ್ಳಿಕೊಂಡು ಹೋಗುವವನಿಗೆ ದೀಪವೇಕೆ? ತಿರುವು ದಾಟಿದೊಡನೆ ಮತ್ತೆ ಸವಾರಿ.

"ಒಂದು ರಾತ್ರಿ ಹಾಗೆಯೇ ಇಳಿದೆ, ನಡೆದೆ, ಹತ್ತಿದೆ. ಕೆರೆಯ ಹತ್ತಿರ ಹುಲ್ಲಿನ ಹೊರೆ ಹೊತ್ತವನೊಬ್ಬ ಎದುರಿಗೆ ಬರುತ್ತಿದ್ದ. ನನಗೆ ಅವನು ಕಾಣಲಿಲ್ಲ. ಅವನಿಗೆ ನಾನು ಕಾಣಲಿಲ್ಲ."

ಅವರ ಗದ್ದದ ಮೇಲಿನ ಗಾಯದ ಗುರುತನ್ನು ನಾನು ಬಾಲ್ಯದಿಂದ ನೋಡುತ್ತಿದ್ದೆ. ಅದರ ಕಥೆ ಕೇಳಿದ್ದು ಅಂದೇ. ಹುಲ್ಲಿನವನ ಕೈ ಮುರಿದಿತ್ತು. ಆ ವರ್ಷದ ಒಕ್ಕಲಾಟಕ್ಕೆ ಅವನು ಹೋಗಲಾಗಲಿಲ್ಲ.

ಎಂಟನೇ ಮೈಲಿಯಲ್ಲಿ ಬಲಕ್ಕೆ ಹೊರಳಿದೆವು. ಮೈಲಿಗಲ್ಲು ದಾರಿ ಹೇಳುತ್ತಿದ್ದ ಕಾಲದ ಹೆಸರು ಈ ಊರುಭಾಗಕ್ಕೆ ಇನ್ನೂ ಅಂಟಿಕೊಂಡಿದೆ. ಹೆಸರಘಟ್ಟದ ರಸ್ತೆಯಲ್ಲಿ ಫೋನು ಮೌನವಾಯಿತು. ಆ ಮೌನವನ್ನು ನಾನು ಅನುಮತಿಯೆಂದು ತಿಳಿದೆನೆಂದು ತೋರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ನಾನು ಅದಕ್ಕೆ ಕಡಮೆಯೇನೂ ಇರಲಿಲ್ಲ. ನಿಂತಿದ್ದ ಬಸ್ಸಿನ ಮರೆಯಿಂದ ಹೆಂಗಸೊಬ್ಬಳು ಮಗುವಿನ ಕೈಹಿಡಿದು ರಸ್ತೆಗಿಳಿದಳು. ಬ್ರೇಕು ಹಿಡಿಯಿತು. ಹಲಸಿನ ಹಣ್ಣು ಉರುಳಿ ಮುಂದಿನ ಆಸನಕ್ಕೆ ಬಡಿಯಿತು. ಒಂದು ಜಾಡಿ ಒಡೆಯಿತು. ಆಕೆ ಕಾರಿನ ಮುಂಭಾಗವನ್ನು ಕೈಯಿಂದ ಮುಟ್ಟುವಷ್ಟು ಸಮೀಪದಲ್ಲಿ ನಿಂತು, ನನ್ನನ್ನೊಮ್ಮೆ ನೋಡಿ, ಮಗುವನ್ನು ಎಳೆದುಕೊಂಡು ದಾಟಿಹೋದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾವ ಒಂದು ಮಾತೂ ಆಡಲಿಲ್ಲ. ಉಳಿದ ದಾರಿಯುದ್ದಕ್ಕೂ ಕಾರಿನಲ್ಲಿ ಮಾವಿನಕಾಯಿಯ ವಾಸನೆ.

ಚಿಕ್ಕಬಾಣಾವರ ಈಗ ಹಳ್ಳಿಯಲ್ಲ. ನಗರವೆನ್ನಲೂ ಮನಸ್ಸು ಹಿಂಜರಿಯುತ್ತದೆ. ಕೆರೆಯಿದೆ, ಮಹಡಿಯ ಮೇಲೆ ಮಹಡಿಯೇರಿಸಿ ವಿದ್ಯಾರ್ಥಿಗಳಿಗೂ ಪೀಣ್ಯದ ಕಾರ್ಮಿಕರಿಗೂ ಬಾಡಿಗೆಗೆ ಕೊಟ್ಟ ಮನೆಗಳಿವೆ. ಊರಿನ ಹೆಮ್ಮೆಯೆಂದರೆ ರೈಲುನಿಲ್ದಾಣ. ತುಮಕೂರಿನ ಹಾದಿಯಿಂದ ಕವಲೊಡೆದು ಕುಣಿಗಲ್, ಶ್ರವಣಬೆಳಗೊಳಗಳ ಮೂಲಕ ಹಾಸನಕ್ಕೆ ಹೋಗುವ ಮಾರ್ಗ 2017ರಲ್ಲಿ ಪೂರ್ತಿಯಾದ ಮೇಲೆ ಇದು ನಿಜವಾಗಿ ಜಂಕ್ಷನ್ ಆಯಿತು. ಬೈಯಪ್ಪನಹಳ್ಳಿಯಿಂದ ಇಲ್ಲಿಗೆ ಬರಬೇಕಾದ ಉಪನಗರ ರೈಲಿಗೆ 'ಮಲ್ಲಿಗೆ' ಎಂಬ ಸೊಗಸಾದ ಹೆಸರಿಟ್ಟಿದ್ದಾರೆ.

ಸಂಜೆ ಮಾವನವರೊಡನೆ ನಿಲ್ದಾಣದ ಕಡೆ ಅಡ್ಡಾಡಲು ಹೊರಟಾಗಲೂ ಆ ಹೆಂಗಸಿನ ನೋಟ ನನ್ನನ್ನು ಬಿಟ್ಟಿರಲಿಲ್ಲ. ಫ್ರಾನ್ಸ್ ದೇಶದಲ್ಲಿ 2012ರಿಂದ ಕ್ಯಾಮೆರಾದ ನಿಖರ ಸ್ಥಳವನ್ನು ಚಾಲಕನಿಗೆ ತಿಳಿಸುವ ಸಾಧನಗಳಿಗೆ ನಿಷೇಧವಿದೆ. ಅದರ ಬದಲು 'ಅಪಾಯದ ವಲಯ' ಎಂದು ಸೂಚಿಸಬಹುದು: ಊರೊಳಗೆ 300 ಮೀಟರ್, ಹೊರಗೆ 2 ಕಿಲೋಮೀಟರ್, ಹೆದ್ದಾರಿಯಲ್ಲಿ 4 ಕಿಲೋಮೀಟರ್ ಉದ್ದದ ವಲಯ. ಕ್ಯಾಮೆರಾ ಅದರೊಳಗೆ ಎಲ್ಲಿಯೋ ಇರಬಹುದು. ಆದ್ದರಿಂದ ಇಳಿದು, ನಡೆದು, ಮತ್ತೆ ಹತ್ತುವ ಉಪಾಯ ಅಲ್ಲಿ ಅಷ್ಟಾಗಿ ಸಾಗದು. ನಮ್ಮ ಆ್ಯಪ್‌ಗಳೂ ಅಪಘಾತ ಹೆಚ್ಚಾಗಿ ನಡೆಯುವ ಕೆಲವು ಸ್ಥಳಗಳನ್ನು ಸೂಚಿಸತೊಡಗಿವೆ. ನನ್ನ ಮಟ್ಟಿಗೆ ಕ್ಯಾಮೆರಾದ ಸುದ್ದಿಗಿಂತ ಅದು ಹೆಚ್ಚು ಬೆಲೆಯುಳ್ಳದ್ದು. ಆದರೆ ಅಪಘಾತದ ಸ್ಥಳವೆಂದು ನಕ್ಷೆಗೆ ಏರಬೇಕಾದರೆ ಅಲ್ಲಿ ಮೊದಲು ಅಪಘಾತಗಳಾಗಿರಬೇಕಷ್ಟೆ. ನಿಂತ ಬಸ್ಸಿನ ಮರೆಯಲ್ಲಿ ಯಾರಿರುವರೆಂದು ಯಾವ ಪಟ್ಟಿಯೂ ಹೇಳಲಾರದು.

ಹಿಂತಿರುಗುವಾಗ ಕತ್ತಲಾಗಿತ್ತು. ಹೆಸರಘಟ್ಟದ ರಸ್ತೆಯನ್ನು ದಾಟಬೇಕು. ಬಸ್ಸು, ಟ್ಯಾಂಕರು, ಮೋಟಾರು ಸೈಕಲ್ಲುಗಳು ಒಂದರ ಹಿಂದೆ ಒಂದು. ನಾವು ಒಂದು ಹೆಜ್ಜೆ ಮುಂದಿಡುವುದು, ಎರಡು ಹೆಜ್ಜೆ ಹಿಂದೆ ಸರಿಯುವುದು. ಹೀಗೆ ನಾಲ್ಕೈದು ನಿಮಿಷ ಕಳೆಯಿತು.

"ದಿನವೂ ಹೀಗೆಯೇ ದಾಟುತ್ತೀರಾ, ಮಾವ?"

"ಹಾಲಿನಂಗಡಿ ಆ ಕಡೆ ಇದೆಯಲ್ಲ" ಎಂದರು. ಆಮೇಲೆ ನನ್ನ ಜೇಬಿನ ಕಡೆ ನೋಡಿ, "ನಿನ್ನ ಫೋನು ಇಲ್ಲಿ ಏನೂ ಹೇಳುವುದಿಲ್ಲವೇ?" ಎಂದು ಕೇಳಿದರು.

"ಇಲ್ಲಿ ಕ್ಯಾಮೆರಾ ಇಲ್ಲ, ಮಾವ."

ಅವರು ಎಡಗೈಯಿಂದ ನನ್ನ ತೋಳನ್ನು ಹಿಡಿದು, ಬಲಗೈಯನ್ನು ಮೇಲಕ್ಕೆತ್ತಿ, ಬರುತ್ತಿದ್ದ ದೀಪಗಳ ಎದುರಿಗೆ ರಸ್ತೆಗಿಳಿದರು.