ತಮ್ಮನ ಜೊತೆ ಗುಬ್ಬಿಗೆ, ಕುಣಿಗಲ್‌ಗೆ

ತುಮಕೂರು ರೈಲ್ವೆ ಸ್ಟೇಷನ್ನಿನಲ್ಲಿ ನನ್ನ ತಮ್ಮ ನಿಲ್ಲೋದು ಒಂದೇ ಜಾಗದಲ್ಲಿ, ಹಳದಿ ಬೋರ್ಡಿನ ಪಕ್ಕ. ಊರು ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತ ಅದರ ಮೇಲೆ ಬರೆದಿರುತ್ತಲ್ಲ, ಅದನ್ನು ಮೂರು ಸಲ ಜೋರಾಗಿ ಓದುತ್ತಾನೆ. ಮೂರಾದ ಮೇಲೆ ರೈಲು ಬಂದರೆ ಸರಿ. ಎರಡಕ್ಕೇ ಬಂದುಬಿಟ್ಟರೆ ಮೂರನೆಯದನ್ನು ಬಾಗಿಲಲ್ಲಿ ನಿಂತು ಮುಗಿಸಬೇಕು, ಹಿಂದಿನವರು ತಳ್ಳುತ್ತಿರುತ್ತಾರೆ.

ಅವನಿಗೆ ಆಟಿಸಂ. ಸರ್ಕಾರಿ ಕಾಗದದಲ್ಲಿ 'ಸ್ವಲೀನತೆ'. ವಾರವಿಡೀ ಅಮ್ಮ ನೋಡ್ಕೊಳ್ತಾರೆ. ತಿಂಗಳಿಗೊಮ್ಮೆ ನಾನು ಬೆಂಗಳೂರಿಂದ ಬಂದಾಗ ಶನಿವಾರ ಗುಬ್ಬಿ, ಭಾನುವಾರ ಕುಣಿಗಲ್. ಈ ಕ್ರಮ ಅವನದೇ, ಬದಲಾಗೋ ಹಾಗಿಲ್ಲ. ಈ ಸಲ ಹೊರಡುವಾಗ ಅಮ್ಮ ಟಿವಿ ಪಕ್ಕದಲ್ಲಿದ್ದ ಫಾರಂ ತೋರಿಸಿ, "ಬಂದ ಮೇಲಾದ್ರೂ ಸೈನ್ ಹಾಕು ಕಣೆ" ಅಂದರು. ಆಟಿಸಂ ಇರುವವರಿಗೆ 18 ತುಂಬಿದ ಮೇಲೆ ಕಾನೂನಿನ ಪ್ರಕಾರ ಪೋಷಕರು ಬೇಕಿದ್ದರೆ, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಸಮಿತಿಗೆ ಅರ್ಜಿ ಹಾಕಬೇಕು. ಅಮ್ಮನಿಗೆ ಮಂಡಿನೋವು, ವಯಸ್ಸೂ ಆಯ್ತು. ಪೋಷಕರ ಜಾಗದಲ್ಲಿ ನನ್ನ ಹೆಸರಿರಲಿ ಅನ್ನೋದು ಅವರ ಆಸೆ. ನನ್ನ ಲೆಕ್ಕ ಬೇರೆ ಇತ್ತು: ಬೆಂಗಳೂರಲ್ಲಿ ಎರಡು ರೂಮಿನ ಮನೆ ಹಿಡಿದು ಇಬ್ಬರನ್ನೂ ಕರ್ಕೊಂಡು ಹೋಗಿಬಿಡೋದು.

ಗುಬ್ಬಿ ತುಮಕೂರಿಂದ ಸುಮಾರು 20 ಕಿ.ಮೀ. ಇಳಿದು ನೇರ ಹೋಗೋದು ಒಂದು ಸಣ್ಣ ಹೋಟೆಲಿಗೆ. ಗೋಡೆ ಕಡೆಯ ಟೇಬಲ್, ಎರಡು ಇಡ್ಲಿ, ಸಾಂಬಾರ್ ಬೇರೆ ಬಟ್ಟಲಲ್ಲಿ. ಸಾಂಬಾರ್ ಇಡ್ಲಿಗೆ ತಾಗಬಾರದು. ಈ ಸಲ ಹೊಸ ಹುಡುಗ ಪಾಪ ಪ್ರೀತಿಯಿಂದಲೇ ಇಡ್ಲಿ ಮೇಲೆ ಸುರಿದುಬಿಟ್ಟ. ತಮ್ಮ ಕೂಗಲಿಲ್ಲ. ಎರಡೂ ಕಿವಿ ಮುಚ್ಚಿಕೊಂಡು ಹಿಂದೆ ಮುಂದೆ ತೂಗತೊಡಗಿದ. ಪಕ್ಕದ ಟೇಬಲಿನವರು ತಿನ್ನೋದು ಬಿಟ್ಟು ನೋಡ್ತಿದ್ದರು. ನಾನು ಏಳುವಷ್ಟರಲ್ಲಿ ಯಜಮಾನರೇ ಗಲ್ಲಾ ಬಿಟ್ಟು ಬಂದರು. ತಟ್ಟೆ ತೆಗೆದು ಹೊಸ ತಟ್ಟೆ ಇಟ್ಟರು, ಬಟ್ಟಲನ್ನು ಒಂದು ಗೇಣು ದೂರ ಸರಿಸಿದರು, ಹಾಗೇ ಸುಮ್ಮನೆ ಹಿಂದೆ ಹೋದರು. ಬೆನ್ನು ತಟ್ಟಲಿಲ್ಲ, "ಏನಾಯ್ತು" ಅಂತ ಕೇಳಲಿಲ್ಲ. ಅಂಥ ಹೊತ್ತಲ್ಲಿ ಮುಟ್ಟಿದರೆ, ಮಾತಾಡಿಸಿದರೆ ಅವನಿಗೆ ಇನ್ನೂ ಕಷ್ಟ. ಇದನ್ನು ಕಲಿಯೋಕೆ ನನಗೆ ಎಷ್ಟೋ ವರ್ಷ ಹಿಡೀತು.

ಜಾತ್ರೆ ದಿನಗಳಲ್ಲಿ ಗುಬ್ಬಿಗೆ ಹೋಗಲ್ಲ. ತಮಟೆ ಸದ್ದಾದರೆ "ಹೊಟ್ಟೆ ಒಳಗೆ ಬಡೀತಾರೆ" ಅಂತಾನೆ. ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಇವನು ಆಗ ಇದ್ದಿದ್ದರೆ ಮೊದಲ ಘೀಳಿಗೇ ಟೆಂಟ್ ದಾಟಿ ಓಡಿರುತ್ತಿದ್ದ!

ಭಾನುವಾರ ಹೆಬ್ಬೂರು ಮೇಲೆ ಕುಣಿಗಲ್ ಬಸ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನನಗೆ ಟಿಕೆಟ್ ಫ್ರೀ, ಆದರೆ ರಶ್ ಅವನಿಗೆ ಹಿಂಸೆ. ಅಂಗವಿಕಲರ ಸೀಟಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದೆ. ಹಿರಿಯರೊಬ್ಬರು, "ನೋಡಕ್ಕೆ ಚೆನ್ನಾಗೇ ಇದ್ದಾನಲ್ಲ, ಏಳಪ್ಪ" ಅಂದರು. ನಾನು ಯುಡಿಐಡಿ ಕಾರ್ಡ್ ತೆಗೆದೆ. ಅವರನ್ನೇನು ಅನ್ನೋದು? 1995ರ ಕಾಯ್ದೆಯ 7 ಅಂಗವೈಕಲ್ಯಗಳಲ್ಲಿ ಆಟಿಸಂ ಇರಲೇ ಇಲ್ಲ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿದಾಗ ಸೇರಿತು. ಅವರು ಕಾರ್ಡ್ ನೋಡಿ, "ಮೊದ್ಲೇ ಹೇಳ್ಬಾರ್ದೇನಮ್ಮ" ಅಂದರು. ದಾರಿಯುದ್ದಕ್ಕೂ ನಿಂತೇ ಬಂದರು. ನನಗೇ ಮುಜುಗರ.

ಕುಣಿಗಲ್ ಅಂದರೆ ಜನ ಕುದುರೆ ಫಾರ್ಮ್ ಕೇಳ್ತಾರೆ. ನಮಗೆ ದೊಡ್ಡಕೆರೆಯ ಏರಿ ಸಾಕು. ಗಾಳಿ, ನೀರು, ಹೆಚ್ಚು ಮಾತಿಲ್ಲ. ಅವನು ಹೆಡ್‌ಫೋನ್ ತೆಗೆಯೋದು ಅಲ್ಲೇ.

ಈ ಸಲ ನೀರು ನೋಡ್ತಾ ಇದ್ದಕ್ಕಿದ್ದಂತೆ ಕೇಳಿದ, "ಬೆಂಗಳೂರಲ್ಲಿ ಶನಿವಾರ ಗುಬ್ಬಿ ಇದ್ಯಾ?"

ನಾನೂ ಅಮ್ಮನೂ ಅಡುಗೆಮನೆಯಲ್ಲಿ ಮೆಲ್ಲಗೆ ಮಾತಾಡಿದ್ದು ಅವನಿಗೆ ಕೇಳಿಸಿತ್ತು. ಅವನಿಗೆ ಸಮಾಧಾನದ ಸುಳ್ಳು ಹೇಳೋಕಾಗಲ್ಲ, ಹೇಳಿದ್ದನ್ನು ಹಾಗೇ ನಂಬಿ ಪ್ರತಿ ಶನಿವಾರ ಕಾಯ್ತಾನೆ. "ಇಲ್ಲ" ಅಂದೆ.

ರಾತ್ರಿ ಸೈನ್ ಹಾಕಿದೆ. ಸಂಬಂಧ ಅನ್ನೋ ಕಡೆ 'ಅಕ್ಕ'. ವಿಳಾಸದ ಜಾಗದಲ್ಲಿ ತುಮಕೂರು ಅಂತ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೀನಿ. ನಮ್ಮ ಆಫೀಸಲ್ಲಿ ವಾರಕ್ಕೆ ಮೂರು ದಿನ ಬರಲೇಬೇಕು ಅಂತ ರೂಲ್ಸ್. ಸೋಮವಾರ ಮ್ಯಾನೇಜರ್ ಹತ್ತಿರ ಮಾತಾಡಬೇಕು.